ಕಾನೂನು ಸಲಹೆ: ಚಾಕು ಇರಲಿಲ್ಲ, ಗಾಯವೂ ಇರಲಿಲ್ಲ, ಕೇಸು ನಿಲ್ಲುತ್ತದೆಯೇ?

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಲೈಂಗಿಕ ದೌರ್ಜನ್ಯವನ್ನು ಕುರಿತವು. ಆರೋಪಿಗೂ ಸಂತ್ರಸ್ತೆಗೂ ಇದ್ದ ಸಂಬಂಧ ಏನು, ಅವನ ಕೈಯಲ್ಲಿ ಆಯುಧ ಇತ್ತೋ ಇಲ್ಲವೋ ಎಂಬ ಎರಡು ಸಂಗತಿಗಳು ಪ್ರಕರಣದ ಮೇಲೆ ಯಾವ ಪರಿಣಾಮ ಬೀರುತ್ತವೆ ಎಂಬುದೇ ಬಹುತೇಕ ಎಲ್ಲರ ಪ್ರಶ್ನೆಯಾಗಿದೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳಲ್ಲಿದ್ದ ಹೆಸರು, ಊರು, ಕಾಲೇಜುಗಳ ವಿವರಗಳನ್ನು ತೆಗೆದುಹಾಕಿದ್ದೇನೆ. ಸಂತ್ರಸ್ತೆಯ ಗುರುತು ಸಿಗುವಂಥ ವಿವರವನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ 2 ವರ್ಷಗಳವರೆಗಿನ ಶಿಕ್ಷೆಗೆ ಗುರಿಯಾಗುವ ಅಪರಾಧ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸುದ್ದಿಯನ್ನು ಫೋಟೋ ಸಮೇತ ಹಂಚುವವರು ಇದನ್ನು ಗಮನಿಸಬೇಕು.

ಪ್ರಶ್ನೆ: ಮೇಡಂ, ನನ್ನ ತಂಗಿ ಪದವಿ ಓದಲೆಂದು ಹಳ್ಳಿಯಿಂದ ಬಂದು ದಾವಣಗೆರೆಯಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಅವಳ ಕಾಲೇಜು ಫೀಸನ್ನು ನಮ್ಮ ಯಜಮಾನರೇ ಕಟ್ಟುತ್ತಿದ್ದರು. ಮಗುವಿಗೆ ಜ್ವರವೆಂದು ನಾನು ಆಸ್ಪತ್ರೆಯಲ್ಲಿ ಉಳಿದಿದ್ದ ರಾತ್ರಿ ಅವರು ಅವಳ ಮೇಲೆ ಅತ್ಯಾಚಾರ ಮಾಡಿದ್ದಾರೆ. ಇದನ್ನು ಅವಳು ನನಗೆ ಹೇಳಿದ್ದು ಮೂರು ತಿಂಗಳಾದ ಮೇಲೆ, ಊರಿಗೆ ಹಿಂದಿರುಗಿದ ನಂತರ. ಅವಳು ಕೂಗಿಕೊಂಡಿಲ್ಲ, ಮೈಮೇಲೆ ಗಾಯವೂ ಆಗಿಲ್ಲ. "ಬಾಯಿ ಬಿಟ್ಟರೆ ನಿನ್ನ ಅಕ್ಕನನ್ನು ತವರಿಗೆ ಅಟ್ಟುತ್ತೇನೆ" ಎಂದು ಅವರು ಹೇಳಿದ್ದರಂತೆ. ದೂರು ಬರೆದುಕೊಡಿ ಎಂದು ಕೇಳಿದಾಗ ನಮಗೆ ಬೇಕಾದವರೊಬ್ಬರು, "ಚಾಕು ತೋರಿಸಿ ಹೆದರಿಸಿದರು ಎಂದು ಒಂದು ಸಾಲು ಸೇರಿಸೋಣ, ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ" ಎನ್ನುತ್ತಿದ್ದಾರೆ. ನಾನೇನು ಮಾಡಲಿ?

ಉತ್ತರ: ಸಹೋದರಿ, ಆ ಸಾಲನ್ನು ದಯವಿಟ್ಟು ಸೇರಿಸಬೇಡಿ. ನಿಮಗೆ ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಇಲ್ಲದ ಚಾಕುವನ್ನು ದೂರಿನಲ್ಲಿ ಬರೆದರೆ, ಇರುವ ಸತ್ಯವೆಲ್ಲ ಅದರ ಜೊತೆಗೇ ಮುಳುಗುತ್ತದೆ. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ಮೊದಲು ಹಿಡಿಯುವುದು ಅದನ್ನೇ. ಚಾಕು ಎಷ್ಟು ಉದ್ದ ಇತ್ತು, ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದೋ, ಯಾವ ಕೈಯಲ್ಲಿ ಹಿಡಿದಿದ್ದರು, ಅದು ನಿಮ್ಮ ಮನೆಯ ಅಡುಗೆಮನೆಯದೇ ಆಗಿದ್ದರೆ ಮರುದಿನ ತರಕಾರಿ ಹೆಚ್ಚಿದ್ದು ಯಾವುದರಲ್ಲಿ ಎಂದು ಒಂದಾದ ಮೇಲೊಂದು ಪ್ರಶ್ನೆ ಬರುತ್ತದೆ. ಇಪ್ಪತ್ತರ ಹರೆಯದ ಹುಡುಗಿ ನೋಡದೇ ಇದ್ದ ವಸ್ತುವಿನ ಬಣ್ಣ ಹೇಳಲಾಗದೆ ತಡವರಿಸಿದಾಗ, ನಿಜವಾಗಿ ನಡೆದದ್ದರ ಬಗ್ಗೆ ಅವಳಾಡಿದ ಮಾತಿಗೂ ಬೆಲೆ ಇಲ್ಲದಂತಾಗುತ್ತದೆ. ದೂರಿನಿಂದ ಪಾಟೀಸವಾಲಿನವರೆಗೆ ಒಂದೇ ಬಗೆಯಾಗಿ ನಿಲ್ಲುವ ಸಾಕ್ಷ್ಯವನ್ನು, ಬೇರೆ ಆಧಾರವಿಲ್ಲದೆ ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದಾದಷ್ಟು ಉತ್ಕೃಷ್ಟವಾದುದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ವಿವರಿಸಿದೆ. ನಿಮ್ಮ ತಂಗಿಯ ಮಾತು ಅಂಥದ್ದಾಗಬೇಕಾದರೆ ಅದರಲ್ಲಿ ನಡೆದದ್ದು ಮಾತ್ರ ಇರಬೇಕು.

ಇನ್ನು, ಆಯುಧವಿಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ ಎಂಬ ಮಾತನ್ನು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 63ನೇ ಕಲಂ ಅತ್ಯಾಚಾರ ಎಂದರೇನು ಎಂಬುದನ್ನು ಹೇಳುತ್ತದೆ. ಪ್ರಾಣಭಯ ಅಥವಾ ಗಾಯದ ಭಯ ಹುಟ್ಟಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಅದರ ಒಂದು ಭಾಗದಲ್ಲಿದೆ. ಅಕ್ಕನ ಸಂಸಾರ ಒಡೆಯುತ್ತೇನೆ ಎಂಬ ಬೆದರಿಕೆ ಆ ಭಾಗದೊಳಗೆ ನೇರವಾಗಿ ಬರುವುದಿಲ್ಲ, ನಿಜ. ಆದರೆ ಅದನ್ನು ಅಲ್ಲಿಗೆ ಎಳೆದು ತರುವ ಅಗತ್ಯವೇ ಇಲ್ಲ, ಏಕೆಂದರೆ ಒಪ್ಪಿಗೆ ಇಲ್ಲದೆ ನಡೆದದ್ದೆಲ್ಲವೂ ಅತ್ಯಾಚಾರವೇ ಎಂದು ಅದೇ ಕಲಂ ಇನ್ನೊಂದು ಕಡೆ ಹೇಳುತ್ತದೆ. ಒಪ್ಪಿಗೆ ಎಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ವಇಚ್ಛೆಯಿಂದ ಸ್ಪಷ್ಟವಾಗಿ ತೋರಿದ ಸಮ್ಮತಿ. ಹೆಣ್ಣು ಮೈಬಲದಿಂದ ವಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆ ಒಪ್ಪಿದ್ದಳೆಂದು ತಿಳಿಯಬಾರದು ಎಂದೂ ಅಲ್ಲೇ ಬರೆದಿದೆ.

ಇದಕ್ಕಿಂತ ಮುಖ್ಯವಾದದ್ದು 64ನೇ ಕಲಂನ ಎರಡನೇ ಉಪಕಲಂ. ಇನ್ನೂ ಘೋರವೆಂದು ಕಾನೂನು ಎಣಿಸುವ ಸಂದರ್ಭಗಳ ಪಟ್ಟಿ ಅಲ್ಲಿದೆ. ಠಾಣೆಯೊಳಗಿನ ಪೊಲೀಸ್ ಅಧಿಕಾರಿ, ಆಸ್ಪತ್ರೆಯ ಸಿಬ್ಬಂದಿ, ಸಂಬಂಧಿಕ, ಪೋಷಕ, ಶಿಕ್ಷಕ, ನಂಬಿಕೆಯ ಅಥವಾ ಅಧಿಕಾರದ ಸ್ಥಾನದಲ್ಲಿರುವ ವ್ಯಕ್ತಿ ಇವರೆಲ್ಲ ಅದರಲ್ಲಿದ್ದಾರೆ. ಕೃತ್ಯದ ವೇಳೆ ತೀವ್ರ ಗಾಯ ಮಾಡುವುದು, ಪ್ರಾಣಕ್ಕೆ ಅಪಾಯ ತರುವುದು ಸಹ ಸೇರಿವೆ. ಆದರೆ ಬರಿದೇ ಆಯುಧ ಹಿಡಿದಿದ್ದುದು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಎಂದರೆ, ವಯಸ್ಕ ಮಹಿಳೆಯ ಪ್ರಕರಣದಲ್ಲಿ ಅಪರಾಧದ ತೂಕ ಹೆಚ್ಚಿಸುವುದು ಚಾಕುವಿಗಿಂತ ಮೊದಲು ಸಂಬಂಧ. ಸೂರು ಕೊಟ್ಟವನು, ಫೀಸು ಕಟ್ಟಿದವನು, ತಂಗಿ ಭಾವ ಎಂದು ಕರೆಯುವವನು ಇಲ್ಲಿ ಆರೋಪಿ. ಕನಿಷ್ಠ ಶಿಕ್ಷೆ 10 ವರ್ಷ; ಗರಿಷ್ಠವು ಜೀವ ಇರುವವರೆಗಿನ ಸೆರೆವಾಸ.

ಈ ಉಪಕಲಂ ಅನ್ವಯವಾದರೆ ಇನ್ನೊಂದು ಅನುಕೂಲವಿದೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ ಎಂಬುದನ್ನೂ ಒಂದು ಕಾರಣವಾಗಿ ಹಿಡಿದು ಸುಪ್ರೀಂ ಕೋರ್ಟ್ 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್ ಸೇರಿದಂತೆ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರವೂ, ಅದರ ಬೆನ್ನಿಗೆ ದೇಶದಾದ್ಯಂತ ನಡೆದ ಮಹಿಳಾ ಹೋರಾಟವೂ 1983ರ ತಿದ್ದುಪಡಿಗೆ ಕಾರಣವಾದವು. ಲೈಂಗಿಕ ಸಂಪರ್ಕ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಮಹಿಳೆ ನ್ಯಾಯಾಲಯದಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು ಎಂಬ ನಿಯಮ ಆಗ ಬಂತು. ಮೊದಲು ಅದು ಮುಖ್ಯವಾಗಿ ಅಧಿಕಾರ ಸ್ಥಾನದಲ್ಲಿದ್ದವರ ಪ್ರಕರಣಗಳಿಗಿತ್ತು; 2013ರ ತಿದ್ದುಪಡಿಯ ನಂತರ ಸಂಬಂಧಿಕರಿಗೂ ಅನ್ವಯಿಸಿತು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಂನಲ್ಲಿದೆ. ನಿಮ್ಮ ತಂಗಿಗೆ ಬೇಕಾಗಿರುವುದು ಈ ಕಲಂ, ಕಲ್ಪಿಸಿಕೊಂಡ ಚಾಕುವಲ್ಲ.

ಮೂರು ತಿಂಗಳ ವಿಳಂಬಕ್ಕೆ ಕಾರಣವನ್ನು ದೂರಿನಲ್ಲಿಯೇ ಅವಳ ಮಾತಿನಲ್ಲಿ ಬರೆಸಿ: ಅಕ್ಕನ ಸಂಸಾರದ ಭಯ, ಓದು ನಿಲ್ಲುವ ಭಯ, ಊರವರ ಬಾಯಿಯ ಭಯ. ಇಂಥ ಪ್ರಕರಣಗಳಲ್ಲಿ ತಡವಾದದ್ದನ್ನೇ ಮುಂದಿಟ್ಟು ಸಂತ್ರಸ್ತೆಯನ್ನು ನಂಬದಿರಬಾರದು ಎಂದು ಸುಪ್ರೀಂ ಕೋರ್ಟ್ 1996ರ ಪಂಜಾಬ್ ಪ್ರಕರಣದಲ್ಲಿ ಹೇಳಿದೆ. ಆ ದಿನಗಳಲ್ಲಿ ಅವರು ಅವಳಿಗೆ ಕಳಿಸಿದ ಸಂದೇಶಗಳಿದ್ದರೆ ಅಳಿಸಬಾರದು, ಫೋನನ್ನು ಮಾರಬಾರದು. ದೂರು ಕೊಡಲು ದಾವಣಗೆರೆಗೇ ಬರಬೇಕೆಂದಿಲ್ಲ. ಊರಿನ ಹತ್ತಿರದ ಠಾಣೆಯಲ್ಲಿ ಕೊಟ್ಟರೂ ಶೂನ್ಯ ಎಫ್‌ಐಆರ್ ದಾಖಲಿಸಿ ಇಲ್ಲಿಗೆ ಕಳಿಸಬೇಕು. ಮಹಿಳಾ ಅಧಿಕಾರಿಯೇ ಹೇಳಿಕೆ ಬರೆದುಕೊಳ್ಳಬೇಕು. ಎಫ್‌ಐಆರ್ ದಾಖಲಿಸಲು ಒಪ್ಪದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಂ ಪ್ರಕಾರ ಕನಿಷ್ಠ 6 ತಿಂಗಳ ಶಿಕ್ಷೆ ಇದೆ.

ಪತ್ರದ ಕೊನೆಯಲ್ಲಿ ನಿಮ್ಮ ಸ್ವಂತ ಬದುಕಿನ ಬಗ್ಗೆಯೂ ಕೇಳಿದ್ದೀರಿ. ನಿಮ್ಮ ವಾಸ, ಜೀವನಾಂಶ, ಮಗುವಿನ ಪಾಲನೆ ಬೇರೆಯೇ ಪ್ರಕರಣವಾಗಿ ನಡೆಯುತ್ತವೆ, ಅವಕ್ಕೆ ದಾರಿಗಳಿವೆ. ಜಿಲ್ಲಾ ನ್ಯಾಯಾಲಯದ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ತಂಗಿ ಹೇಳಿದ ಕೂಡಲೇ ನೀವು ಅವಳನ್ನು ನಂಬಿದಿರಿ. ಎಷ್ಟೋ ಮನೆಗಳಲ್ಲಿ ಸಿಗದ ಬಲ ಅದು, ಅವಳಿಗೆ ಅದು ಸಿಕ್ಕಿದೆ.

ಪ್ರಶ್ನೆ: ನಾನು ಚಿತ್ರದುರ್ಗದ ನಿವೃತ್ತ ಉಪನ್ಯಾಸಕ. ಓಬವ್ವ ಒನಕೆ ಹಿಡಿದು ಶತ್ರುಗಳನ್ನು ಹೊಡೆದುರುಳಿಸಿದ ಊರು ನಮ್ಮದು. ಇಂದಿನ ಹೆಣ್ಣುಮಕ್ಕಳು ಕೈಗೆ ಸಿಕ್ಕಿದ್ದನ್ನು ಹಿಡಿದು ಎದುರಿಸಿದರೆ ಇಂಥ ಪ್ರಕರಣಗಳು ಕಡಿಮೆಯಾಗುವುದಿಲ್ಲವೇ? ಆಯುಧವಿಲ್ಲದವನ ಎದುರು ಸುಮ್ಮನಿರುವುದೇಕೆ?

ಉತ್ತರ: ಹಿರಿಯರಾದ ತಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಓಬವ್ವನ ಕಥೆ ಕೇಳಿಯೇ ನಾವೆಲ್ಲ ಬೆಳೆದವರು. ಆದರೆ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದವರು ಹೈದರಾಲಿಯ ಸೈನಿಕರು. ಅವರು ಶತ್ರುಗಳೆಂಬುದರಲ್ಲಿ ಆಕೆಗೆ ಅನುಮಾನವೇ ಇರಲಿಲ್ಲ. ಇಲ್ಲಿ ಬರುವವನು ಮುಂಬಾಗಿಲಿನಿಂದಲೇ ಬರುತ್ತಾನೆ. ಅವನಿಗೆ ಚಹಾ ಕೊಟ್ಟು ಕೂರಿಸಿರುತ್ತಾರೆ. ಅವನು ಚಿಕ್ಕಪ್ಪನೋ, ಟ್ಯೂಷನ್ ಹೇಳುವವನೋ, ಕೆಲಸ ಕೊಟ್ಟ ಮಾಲೀಕನೋ ಆಗಿರುತ್ತಾನೆ. ಅವನಿಗೆ ಮಚ್ಚು ಬೇಕಾಗುವುದಿಲ್ಲ. ಮನೆಯಲ್ಲಿ ಯಾರು ಯಾವಾಗ ಇರುವುದಿಲ್ಲ, ಇವಳು ಯಾರಿಗೆ ಹೆದರುತ್ತಾಳೆ, ಇವಳ ಮಾತನ್ನು ಯಾರು ನಂಬುವುದಿಲ್ಲ ಎಂಬುದೆಲ್ಲ ಅವನಿಗೆ ಮೊದಲೇ ಗೊತ್ತಿರುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಲ್ಲಿ ದಾಖಲಾದ 31,677 ಅತ್ಯಾಚಾರ ಪ್ರಕರಣಗಳಲ್ಲಿ ಶೇ 96.5ರಷ್ಟರಲ್ಲಿ ಆರೋಪಿ ಪರಿಚಿತನೇ ಆಗಿದ್ದ. ಕುಟುಂಬದವರೇ ಆರೋಪಿಗಳಾಗಿದ್ದವು 2,424. ಕುಟುಂಬದ ಸ್ನೇಹಿತರು, ನೆರೆಯವರು, ಮಾಲೀಕರು ಮುಂತಾದವರದು 15,196. ಪರಿಚಿತರ ವಿರುದ್ಧದ ಉಳಿದ 12,951 ಪ್ರಕರಣಗಳ ಗುಂಪಿನಲ್ಲಿ ಮದುವೆಯ ಭರವಸೆ ನೀಡಿ ವಂಚಿಸಿದರೆಂಬ ದೂರುಗಳೂ ಸೇರಿರುವುದರಿಂದ ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಆದರೂ, ಕತ್ತಲ ದಾರಿಯಲ್ಲಿ ಚಾಕು ಹಿಡಿದು ನಿಂತ ಅಪರಿಚಿತ ಎಂಬ ನಮ್ಮ ಕಲ್ಪನೆ ಎಷ್ಟು ಕಡಿಮೆ ಪ್ರಕರಣಗಳಿಗೆ ಹೊಂದುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಠಾಣೆಗೆ ಹೋಗದವರನ್ನೂ ಸೇರಿಸಿ ಮನೆಮನೆ ಸಮೀಕ್ಷೆ ನಡೆಸುವ ಅಮೆರಿಕದಲ್ಲಿಯೂ ಇದೇ ಚಿತ್ರ ಕಂಡಿದೆ: 2005ರಿಂದ 2010ರವರೆಗಿನ ಅವಧಿಯಲ್ಲಿ ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ಘಟನೆಗಳಲ್ಲಿ ಸುಮಾರು ಶೇ 78ರಲ್ಲಿ ಪರಿಚಿತನೇ ಆರೋಪಿ, ಆಯುಧ ಇದ್ದದ್ದು ಶೇ 11ರಲ್ಲಿ ಮಾತ್ರ.

ಸುಮ್ಮನಿರುವುದೇಕೆ ಎಂದು ಕೇಳಿದ್ದೀರಿ. ತೀವ್ರ ಭಯದಲ್ಲಿ ಮೈ ಮರಗಟ್ಟಿ, ಕೈಕಾಲು ಆಡದೆ, ಗಂಟಲಿನಿಂದ ಸ್ವರ ಹೊರಡದೆ ಹೋಗುವುದು ವೈದ್ಯರು ಗುರುತಿಸಿರುವ ಸ್ಥಿತಿ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರದ ನಂತರ ತುರ್ತು ಚಿಕಿತ್ಸೆಗೆ ಬಂದ 298 ಮಹಿಳೆಯರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 70ರಷ್ಟು ಮಂದಿ ಇಂಥ ಸ್ಥಿತಿಯನ್ನು ಗಮನಾರ್ಹ ಪ್ರಮಾಣದಲ್ಲಿ ಅನುಭವಿಸಿದ್ದರು. ಅದು ಹೇಡಿತನವಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ಓಬವ್ವನ ಹೆಸರು ಹೇಳಿ ಹುಡುಗಿಯರಲ್ಲಿ ಧೈರ್ಯ ತುಂಬಿ, ಖಂಡಿತ ಬೇಡವೆನ್ನುವುದಿಲ್ಲ. ಆದರೆ ಅದೇ ಹೆಸರನ್ನು ಎತ್ತಿ, ಎದುರಿಸಲಾಗದೆ ಹೋದವಳನ್ನು ಹಂಗಿಸುವುದು ಬೇಡವೆಂದು ತಮ್ಮಲ್ಲಿ ವಿನಂತಿ.

ಪ್ರಶ್ನೆ: ಮೆಕ್ಕೆಜೋಳದ ಹೊಲದಿಂದ ಬರುತ್ತಿದ್ದ ನಮ್ಮ ಅತ್ತಿಗೆಯನ್ನು ಗುರುತಿಲ್ಲದ ಒಬ್ಬಾತ ಮಚ್ಚು ತೋರಿಸಿ ಬೆದರಿಸಿ ಅತ್ಯಾಚಾರ ಮಾಡಿದ್ದಾನೆ. ಆರೋಪಿ ಎಂದು ಒಬ್ಬನನ್ನು ಬಂಧಿಸಿದ್ದಾರೆ, ಮಚ್ಚು ಮಾತ್ರ ಸಿಕ್ಕಿಲ್ಲ. ಇದರಿಂದ ಕೇಸು ಬಿದ್ದುಹೋಗುತ್ತದೆಯೇ?

ಉತ್ತರ: ಬಿದ್ದುಹೋಗುವುದಿಲ್ಲ. ಪ್ರತ್ಯಕ್ಷ ಸಾಕ್ಷ್ಯ ನಂಬಲರ್ಹವಾಗಿದ್ದರೆ ಆಯುಧ ಸಿಗದಿರುವುದು ಪ್ರಕರಣವನ್ನು ಕೆಡಿಸುವುದಿಲ್ಲ ಎಂಬುದು ನ್ಯಾಯಾಲಯಗಳಲ್ಲಿ ನೆಲೆಗೊಂಡ ತತ್ವ. ಆರೋಪಿ ಹೇಳಿಕೆ ಕೊಟ್ಟು, ತಾನೇ ಬಚ್ಚಿಟ್ಟ ಜಾಗ ತೋರಿಸಿ, ಪಂಚರ ಸಮಕ್ಷಮ ಮಹಜರು ನಡೆಸಿ ವಶಪಡಿಸಿಕೊಂಡರೆ ಬಲ ಹೆಚ್ಚುತ್ತದೆ, ಅಷ್ಟೇ.

ಆದರೆ ನಿಮ್ಮ ಪ್ರಕರಣ ಮೇಲಿನ ಸಹೋದರಿಯ ಪ್ರಕರಣಕ್ಕಿಂತ ಬೇರೆ ರೀತಿಯದು ಎಂಬುದನ್ನು ತಿಳಿದಿರಿ. ಆರೋಪಿ ಪರಿಚಿತನಾಗಿದ್ದರೆ ಹೆಚ್ಚಾಗಿ ನ್ಯಾಯಾಲಯದಲ್ಲಿ ವಾದ ನಡೆಯುವುದು ಒಪ್ಪಿಗೆಯ ಮೇಲೆ. ಅಪರಿಚಿತ ಮಚ್ಚು ಹಿಡಿದು ಬಂದಲ್ಲಿ ಒಪ್ಪಿಗೆಯ ಮಾತನ್ನು ಎತ್ತುವುದು ಕಷ್ಟ. ಅಲ್ಲಿ "ಇವನೇ ಅವನು ಎಂದು ಹೇಗೆ ಹೇಳುತ್ತೀರಿ" ಎಂಬುದೇ ಪ್ರಶ್ನೆ. ಆದ್ದರಿಂದ ಗುರುತಿನ ಪರೇಡ್ ನಡೆಯುವ ಮೊದಲು ಆತನ ಫೋಟೋವನ್ನು ಯಾರೂ ಅತ್ತಿಗೆಯವರಿಗೆ ತೋರಿಸಬಾರದು, ಮೊಬೈಲಿನಲ್ಲಿ ಕೂಡ. ಉಟ್ಟಿದ್ದ ಬಟ್ಟೆಗಳನ್ನು ಒಗೆಯದೆ, ಪ್ಲಾಸ್ಟಿಕ್ ಚೀಲಕ್ಕೆ ತುಂಬದೆ, ಕಾಗದದಲ್ಲಿ ಸುತ್ತಿ ಕೊಡಿ. ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯ ಪ್ರಕಾರ 96 ಗಂಟೆಗಳವರೆಗೂ ದೇಹದಿಂದ ಮಾದರಿ ಸಂಗ್ರಹಿಸಬಹುದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗಾಗಲಿ, ಖಾಸಗಿ ಆಸ್ಪತ್ರೆಗಾಗಲಿ ಹೋದರೆ ಉಚಿತವಾಗಿ ಚಿಕಿತ್ಸೆ ನೀಡಲೇಬೇಕು; ಮೊದಲು ಪೊಲೀಸ್ ಚೀಟಿ ತನ್ನಿ ಎಂದು ಕಳಿಸುವಂತಿಲ್ಲ. ಆ ಮಾರ್ಗಸೂಚಿಯ ನಮೂನೆಯಲ್ಲಿ ಆಯುಧ ಬಳಸಿದರೇ ಅಥವಾ ತೋರಿಸಿ ಬೆದರಿಸಿದರೇ, ಬಾಯಿಮಾತಿನ ಬೆದರಿಕೆ ಇತ್ತೇ, ಆಮಿಷ ಒಡ್ಡಿದರೇ ಎಂದು ಬೇರೆ ಬೇರೆ ಸಾಲುಗಳಿವೆ. ವೈದ್ಯರು ಅವನ್ನೆಲ್ಲ ಕೇಳಿ ತುಂಬಿದ್ದಾರೆಯೇ ಎಂದು ವಿಚಾರಿಸಿ. ಖಾಲಿ ಬಿಟ್ಟ ಸಾಲು ಮುಂದೆ ತೊಂದರೆ ಕೊಡುತ್ತದೆ. ಮಚ್ಚಿನಿಂದ ಸಣ್ಣ ಗಾಯವಾಗಿದ್ದರೂ 118ನೇ ಕಲಂ, ಗಾಯವಾಗದೆ ಕೊಲ್ಲುವ ಬೆದರಿಕೆ ಮಾತ್ರ ಇದ್ದರೆ 351ನೇ ಕಲಂನ ಮೂರನೇ ಉಪಕಲಂ ಎಫ್‌ಐಆರ್‌ನಲ್ಲಿ ಇರಬೇಕು.

ಪ್ರಶ್ನೆ: ನನ್ನ ಗಂಡ ಕುಡಿದು ಬಂದು ದಿಂಬಿನ ಪಕ್ಕ ಕುಡುಗೋಲು ಇಟ್ಟುಕೊಂಡು ಮಲಗುತ್ತಾರೆ. ಬೇಡವೆಂದರೆ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಗಂಡನೇ ಆದ್ದರಿಂದ ದೂರು ಕೊಡಲು ಬರುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ, ಆ ಅರ್ಧವೂ ನೋವಿನದು. ಒಟ್ಟಿಗೆ ಬಾಳುತ್ತಿರುವ, 18 ವರ್ಷ ತುಂಬಿದ ಹೆಂಡತಿಯೊಂದಿಗೆ ಗಂಡ ಬಲವಂತ ಮಾಡಿದರೆ ಅದನ್ನು 63ನೇ ಕಲಂ ಅತ್ಯಾಚಾರವೆಂದು ಕರೆಯುವುದಿಲ್ಲ. ಬೇರೆ ವಾಸಿಸುತ್ತಿದ್ದರೆ ಮಾತ್ರ 67ನೇ ಕಲಂ ಪ್ರಕಾರ 2ರಿಂದ 7 ವರ್ಷ ಶಿಕ್ಷೆ ಇದೆ. ಗಂಡನೊಬ್ಬನ ವಿರುದ್ಧದ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ನಿರಾಕರಿಸಿತ್ತು; ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣಕ್ಕೆ ತಡೆ ನೀಡಿತು. ಹೊರಗಿನವನಾದರೆ ಸಂಬಂಧವಿಲ್ಲದೆಯೂ ಅಪರಾಧ, ಭಾವನಾದರೆ ಇನ್ನೂ ದೊಡ್ಡ ಅಪರಾಧ, ಗಂಡನಾದರೆ ಆ ಹೆಸರಿನ ಅಪರಾಧವೇ ಅಲ್ಲ ಎಂಬ ಈ ವ್ಯವಸ್ಥೆ ಬದಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ತಾಳಿ ಕಟ್ಟಿದ್ದರಿಂದ ಕುಡುಗೋಲು ಎತ್ತುವ ಹಕ್ಕು ಬರುವುದಿಲ್ಲ. ಕೊಲ್ಲುವ ಬೆದರಿಕೆಗೆ 7 ವರ್ಷದವರೆಗೆ ಶಿಕ್ಷೆ ಇದೆ, ಬೆದರಿಸಿದವನು ಗಂಡ ಎಂಬ ವಿನಾಯಿತಿ ಅಲ್ಲಿಲ್ಲ. ಗಾಯವಾದರೆ 118, ಕ್ರೌರ್ಯಕ್ಕೆ 85ನೇ ಕಲಂ ಅನ್ವಯಿಸುತ್ತವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದರ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ತಲುಪಬಹುದು. ರಕ್ಷಣಾ ಆದೇಶವನ್ನೂ, ಮನೆಯಲ್ಲಿ ವಾಸಿಸುವ ಆದೇಶವನ್ನೂ ಕೇಳಿ. ಆ ಆಯುಧ ದಿಂಬಿನ ಪಕ್ಕ ಇರುವವರೆಗೆ ನೀವು ಆ ಕೋಣೆಯಲ್ಲಿ ಮಲಗಬೇಡಿ. ತುರ್ತು ಸಂದರ್ಭದಲ್ಲಿ 112, ಸಲಹೆ ಮತ್ತು ಆಶ್ರಯಕ್ಕೆ 181ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಏಳನೇ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲೇ ಇರುವ ಸಂಬಂಧಿಕನೊಬ್ಬನ ಬಗ್ಗೆ ನನ್ನ ಹತ್ತಿರ ಅಳುತ್ತಾ ಹೇಳಿಕೊಂಡಳು. ಅವಳ ತಾಯಿ, "ಅವನು ಹೊಡೆದಿಲ್ಲ, ಬಡಿದಿಲ್ಲ ಟೀಚರ್, ದೊಡ್ಡದು ಮಾಡಬೇಡಿ" ಎಂದು ಕೈಮುಗಿದರು. ನಾನು ಏನು ಮಾಡಬೇಕು?

ಉತ್ತರ: ಇಂದೇ ತಿಳಿಸಬೇಕು. ಪೋಕ್ಸೊ ಕಾಯ್ದೆಯ 19ನೇ ಕಲಂ ನಿಮಗೆ ಆಯ್ಕೆಯನ್ನೇ ಕೊಡುವುದಿಲ್ಲ. ತಿಳಿದೂ ತಿಳಿಸದಿದ್ದರೆ 6 ತಿಂಗಳವರೆಗೆ ಶಿಕ್ಷೆ. ಪೊಲೀಸರಿಗೆ ತಿಳಿಸಿ, 1098ಕ್ಕೂ ಕರೆ ಮಾಡಿ. ಹೊಡೆದಿಲ್ಲ ಎಂದು ಆ ತಾಯಿ ಹೇಳಿದ್ದಕ್ಕೆ ಉತ್ತರ ಕಾಯ್ದೆಯಲ್ಲೇ ಇದೆ: ಮಾರಕಾಯುಧ ಬಳಸಿ ಮಗುವಿನ ಮೇಲೆ ನಡೆಸುವ ಅತ್ಯಾಚಾರವನ್ನೂ, ರಕ್ತಸಂಬಂಧಿ ಅಥವಾ ಅದೇ ಮನೆಯಲ್ಲಿ ವಾಸಿಸುವವನು ನಡೆಸುವ ಅತ್ಯಾಚಾರವನ್ನೂ 5ನೇ ಕಲಂ ಒಂದೇ ಪಟ್ಟಿಯಲ್ಲಿ ಇರಿಸಿದೆ. 2019ರ ತಿದ್ದುಪಡಿಯ ನಂತರ ಎರಡಕ್ಕೂ ಕನಿಷ್ಠ ಶಿಕ್ಷೆ 20 ವರ್ಷ. ಮಗುವನ್ನು ನೀವೇ ಮತ್ತೆ ಮತ್ತೆ ಕೇಳಬೇಡಿ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಡಿ. ಮಹಿಳಾ ಅಧಿಕಾರಿ ಸಮವಸ್ತ್ರವಿಲ್ಲದೆ, ಮಗು ಬಯಸಿದ ಜಾಗಕ್ಕೆ ಬಂದು ಹೇಳಿಕೆ ಪಡೆಯುತ್ತಾರೆ. ಅವಳು ಆ ರಾತ್ರಿ ಅದೇ ಮನೆಗೆ ಹೋಗಬೇಕೇ ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ನೋಡಿಕೊಳ್ಳುತ್ತದೆ. ತಾಯಿಯ ಮೇಲೆ ಸಿಟ್ಟಾಗಬೇಡಿ, ಅವರಿಗೂ ಯಾರಾದರೂ ಜೊತೆಗಿರಬೇಕು.

ಪ್ರಶ್ನೆ: ಆರೋಪಿ ನಮ್ಮ ದಾಯಾದಿ. ಊರಿನ ಹಿರಿಯರು ಸೇರಿ, ತಪ್ಪು ಒಪ್ಪಿಸಿ, ದಂಡ ಕಟ್ಟಿಸಿ, ಮುಂದೆ ದೂರು ಕೊಡುವುದಿಲ್ಲವೆಂದು ಛಾಪಾ ಕಾಗದದ ಮೇಲೆ ಇಬ್ಬರಿಂದಲೂ ಸಹಿ ಮಾಡಿಸಿದ್ದಾರೆ. ಈಗ ನನ್ನ ಮಗಳು ದೂರು ಕೊಡಬಹುದೇ?

ಉತ್ತರ: ಕೊಡಬಹುದು. ಅತ್ಯಾಚಾರ ರಾಜಿಯಾಗುವ ಅಪರಾಧವಲ್ಲ. ರಾಜಿಯಾಗಿದೆ ಎಂಬ ಕಾರಣಕ್ಕೆ ಶಿಕ್ಷೆಯನ್ನು ಇಳಿಸುವುದೂ ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಮದುವೆ ಅಥವಾ ರಾಜಿಯ ಸಲಹೆಯನ್ನು ನ್ಯಾಯಾಧೀಶರು ಸಹ ಕೊಡಬಾರದೆಂದು 2021ರಲ್ಲಿ ನಿರ್ದೇಶಿಸಿದೆ. ಪಡೆದ ಹಣದ ವಿಷಯವನ್ನು ದೂರಿನಲ್ಲಿ ಮುಚ್ಚಿಡದೆ ಬರೆಸಿ. ಆ ಛಾಪಾ ಕಾಗದವನ್ನು ಹರಿಯಬೇಡಿ, ಹಿರಿಯರು ಕೇಳಿದರೂ ಹಿಂದಿರುಗಿಸಬೇಡಿ. ಅವನು ಏನು ಒಪ್ಪಿಕೊಂಡ, ಯಾರ ಮುಂದೆ ಒಪ್ಪಿಕೊಂಡ, ಯಾವ ದಿನ ಎಂಬುದೆಲ್ಲ ಅದರಲ್ಲಿ ಇದೆ ಎಂದು ನೀವೇ ಬರೆದಿದ್ದೀರಿ. ಒಂದು ನಕಲು ಮಾಡಿಸಿ ನಿಮ್ಮಲ್ಲಿ ಇಟ್ಟುಕೊಂಡು, ಮೂಲ ಪ್ರತಿಯನ್ನು ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.